ಎಳೆಯ ಮಕ್ಕಳಿಗೆ ಅದ್ಭುತಕಥೆಯ ಚಿತ್ರಗಳು: ಆಯ್ಕೆಯ ವಿವೇಕ

ಕಥೆಯನ್ನು ಕೇಳುವ ಹಂಬಲ ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ‘ಒಂದಾನೊಂದು ಊರಿನಲ್ಲಿ’ ಎಂಬ ನುಡಿ ಕಿವಿಗೆ ಬಿದ್ದೊಡನೆ, ಇನ್ನೂ ತೊದಲುತ್ತಿರುವ ಮಗುವೂ ಆಟಿಕೆಯನ್ನು ಕೆಳಗಿಟ್ಟು ಹತ್ತಿರ ಬಂದು ಕುಳಿತುಕೊಳ್ಳುತ್ತದೆ. ಪ್ರಾಣಿಗಳು ಮಾತನಾಡುವ, ಮರಗಳು ಉತ್ತರಿಸುವ ಕಥಾಲೋಕ ನಮ್ಮವರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಆದರೆ ಇಂದಿನ ಮಗುವಿಗೆ ಈ ಲೋಕದ ಪರಿಚಯವಾಗುವುದು ಬಹುಮಟ್ಟಿಗೆ ತೆರೆಯ ಮೂಲಕ. ಜನರು ವಾಡಿಕೆಯಲ್ಲಿ ‘ಕಾರ್ಟೂನ್’ ಎಂದು ಕರೆಯುವ ಅನಿಮೇಷನ್ ಚಿತ್ರಗಳು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಥೆಗಾರನ ಪೀಠವನ್ನು ಏರಿವೆ. ಅವುಗಳನ್ನು ದೂರವಿಡಬೇಕೇ ಎಂಬುದು ಈಗಿನ ಪ್ರಶ್ನೆಯಲ್ಲ. ಯಾವುದನ್ನು, ಯಾವ ವಯಸ್ಸಿಗೆ, ಹೇಗೆ ತೋರಿಸಬೇಕೆಂಬುದೇ ವಿಚಾರಾರ್ಹವಾದ ವಿಷಯ.

ಅಜ್ಜಿಯ ಕಥೆ, ತೆರೆಯ ಕಥೆ

ಗೋವಿನ ಹಾಡನ್ನು ತಿಳಿಯದ ಕನ್ನಡದ ಮನೆ ವಿರಳ. ಅದರಲ್ಲಿ ಹಸಿದ ಹುಲಿಯಿದೆ, ಸಾವಿನ ಬಾಯಿಗೆ ನಡೆದುಹೋಗುವ ತಾಯಿಯಿದೆ, ತಬ್ಬಲಿಯಾಗಲಿರುವ ಕರುವಿದೆ, ಕೊನೆಗೆ ಪ್ರಾಣ ಬಿಡುವ ಹುಲಿಯೂ ಇದೆ. ಇಷ್ಟು ದಾರುಣವಾದ ಕಥೆಯನ್ನು ತಲೆತಲಾಂತರದಿಂದ ಎಳೆಯ ಮಕ್ಕಳಿಗೆ ಹೇಳುತ್ತ ಬಂದಿದ್ದರೂ ಅವರು ಕಂಗೆಡಲಿಲ್ಲ. ಕಾರಣ ಸ್ಪಷ್ಟವಾಗಿದೆ. ಹೇಳುವವಳ ಕಣ್ಣು ಕೇಳುವ ಮಗುವಿನ ಮುಖದ ಮೇಲೆಯೇ ಇರುತ್ತದೆ. ತುಟಿ ಬಿರಿದರೆ ದನಿ ಮೆತ್ತಗಾಗುತ್ತದೆ, ಕಣ್ಣು ತುಂಬಿದರೆ ಕರು ತಾಯಿಯನ್ನು ಕೂಡುವ ಭಾಗ ಬೇಗ ಬಂದುಬಿಡುತ್ತದೆ. ಹುಲಿಯ ಆಕಾರವನ್ನು ಮಗುವೇ ಕಲ್ಪಿಸಿಕೊಳ್ಳುವುದರಿಂದ, ತಾನು ತಾಳಬಲ್ಲಷ್ಟೇ ದೊಡ್ಡ ಹುಲಿಯನ್ನು ಅದು ಕಲ್ಪಿಸಿಕೊಳ್ಳುತ್ತದೆ.

ತೆರೆಗೆ ಈ ಕರುಣೆಯಿಲ್ಲ. ಸೆಕೆಂಡಿಗೆ ೨೪ ಚೌಕಟ್ಟುಗಳಂತೆ ಓಡುವ ಚಿತ್ರ, ನೋಡುವ ಮಗು ನಗುತ್ತಿದೆಯೋ ನಡುಗುತ್ತಿದೆಯೋ ಎಂದು ವಿಚಾರಿಸದು. ಹುಲಿ ಎಷ್ಟು ದೊಡ್ಡದು, ಅದರ ಗರ್ಜನೆ ಎಷ್ಟು ಘೋರ ಎಂಬುದನ್ನು ಬೇರೆಯವರು ಮೊದಲೇ ನಿಶ್ಚಯಿಸಿಟ್ಟಿರುತ್ತಾರೆ. ಅದೇ ಗೋವಿನ ಕಥೆಯನ್ನು ಆಧರಿಸಿ ೨೦೨೦ರಲ್ಲಿ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವೂ ಬಂದಿದೆ. ಕಥೆ ಪರಿಚಿತವಾದ ಮಾತ್ರಕ್ಕೆ ಅದನ್ನು ನೋಡುವ ಅನುಭವವೂ ಪರಿಚಿತವೆಂದು ಹಿರಿಯರು ಭಾವಿಸಬಾರದು. ಅಜ್ಜಿ ಮಾಡುತ್ತಿದ್ದ ಕೆಲಸವನ್ನು ತೆರೆಯ ಪಕ್ಕದಲ್ಲಿ ಕುಳಿತವರು ಯಾರಾದರೂ ಮಾಡಲೇಬೇಕು.

ವಿಸ್ಮಯ ಬೇರೆ, ಭಯ ಬೇರೆ

ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವ, ಭಯಾನಕಕ್ಕೆ ಭಯವು ಸ್ಥಾಯಿಭಾವ ಎಂದು ಭರತನು ವಿಂಗಡಿಸಿದ್ದಾನೆ. ಅಲೌಕಿಕ ಕಥೆಗಳ ಚಿತ್ರಗಳಲ್ಲಿ ಇವೆರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಪ್ರೌಢನಿಗೆ ಎರಡೂ ಆಸ್ವಾದ್ಯವೇ. ಶಾಕುಂತಲದ ಮೊದಲಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯ ವರ್ಣನೆಯನ್ನು ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ವಿವೇಚಿಸಿದ್ದಾನೆ. ಅಲ್ಲಿನ ಭಯ ‘ನನ್ನದು’ ಎಂದಾಗಲಿ ‘ಇಂಥವನದು’ ಎಂದಾಗಲಿ ತೋರದೆ, ದೇಶಕಾಲಗಳ ಕಟ್ಟನ್ನು ಕಳಚಿಕೊಂಡು ಸಹೃದಯನಿಗೆ ಸವಿಯಾಗುತ್ತದೆ ಎಂಬುದು ಆತನ ವಿವರಣೆಯ ತಿರುಳು. ಇದನ್ನೇ ಆಲಂಕಾರಿಕರು ಸಾಧಾರಣೀಕರಣವೆಂದರು.

ನಾಲ್ಕು ವರ್ಷದ ಮಗು ಇನ್ನೂ ಸಹೃದಯನಲ್ಲ. ಅದಕ್ಕೆ ಹೃದಯವಿಲ್ಲವೆಂದು ಇದರರ್ಥವಲ್ಲ. ಹೃದಯಕ್ಕೂ ತೆರೆಗೂ ನಡುವೆ ಇರಬೇಕಾದ ಅಂತರ ಅದರಲ್ಲಿ ಇನ್ನೂ ಮೂಡಿಲ್ಲ. ಆದುದರಿಂದ ತೆರೆಯ ಭಯ ಅದಕ್ಕೆ ರಸವಾಗದೆ ಭಯವಾಗಿಯೇ ಉಳಿಯುತ್ತದೆ. ೧೯೪೨ರಲ್ಲಿ ವಾಲ್ಟ್ ಡಿಸ್ನಿಯವರ ಸಂಸ್ಥೆ ಹೊರತಂದ ‘ಬ್ಯಾಂಬಿ’ ಚಿತ್ರದಲ್ಲಿಯೂ ಒಂದು ಜಿಂಕೆ ಓಡುತ್ತದೆ. ಬೇಟೆಗಾರನ ಗುಂಡಿಗೆ ಮರಿಯ ತಾಯಿ ಬಲಿಯಾಗುತ್ತಾಳೆ. ಆ ಸಾವು ತೆರೆಯ ಮೇಲೆ ಕಾಣುವುದಿಲ್ಲ. ಗುಂಡಿನ ಸದ್ದು ಕೇಳುತ್ತದೆ, ಬಳಿಕ ಮರಿ ಹಿಮದಲ್ಲಿ ತಾಯಿಯನ್ನು ಹುಡುಕುತ್ತದೆ. ದೊಡ್ಡವರು ಇದನ್ನು ಕಲಾಸಂಯಮವೆಂದು ಮೆಚ್ಚುವರು. ಎಳೆಯ ಮಗುವಾದರೋ ಪಕ್ಕಕ್ಕೆ ಹೊರಳಿ ತನ್ನ ತಾಯಿ ಇದ್ದಾಳೆಯೇ ಎಂದು ನೋಡಿಕೊಳ್ಳುತ್ತದೆ.

ರೂಪವೇ ಗುಣವೆಂದು ತಿಳಿಯುವ ವಯಸ್ಸು

ಮಕ್ಕಳ ಮನಸ್ಸನ್ನು ಅಭ್ಯಸಿಸಿದವರು ಈ ಮಾತಿಗೆ ಆಧಾರ ಒದಗಿಸಿದ್ದಾರೆ. ಅಮೆರಿಕದ ಸಿಂಥಿಯಾ ಹಾಫ್ನರ್ ಮತ್ತು ಜೋನ್ ಕ್ಯಾಂಟರ್ ೧೯೮೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬ ಮುದುಕಿಯ ಕಥೆಯನ್ನು ನಾಲ್ಕು ಬಗೆಯಾಗಿ ಚಿತ್ರಿಸಿ ಮಕ್ಕಳಿಗೆ ತೋರಿಸಲಾಯಿತು. ಒಮ್ಮೆ ಅವಳು ಸೌಮ್ಯರೂಪಿ, ಇನ್ನೊಮ್ಮೆ ವಿಕಾರರೂಪಿ. ಎರಡು ರೂಪಗಳಲ್ಲಿಯೂ ಒಮ್ಮೆ ದಯಾಮಯಿ, ಒಮ್ಮೆ ಕ್ರೂರಿ. ಮೂರರಿಂದ ಐದು ವರ್ಷದ ಮಕ್ಕಳು ಹೆಚ್ಚಾಗಿ ಅವಳ ರೂಪವನ್ನು ನೋಡಿ ಅವಳನ್ನು ಅಳೆದರು. ಒಂಬತ್ತು ಹತ್ತು ವರ್ಷದವರು ಅವಳ ನಡತೆಯನ್ನು ಹೆಚ್ಚು ಗಮನಿಸಿದರು.

ಇದರಿಂದ ಶಿಕ್ಷಕನು ತಿಳಿಯಬೇಕಾದುದು ಮಹತ್ತರವಾಗಿದೆ. ‘ಕೊನೆಯಲ್ಲಿ ಒಳಿತೇ ಗೆಲ್ಲುತ್ತದೆ’ ಎಂಬ ಸಮಾಧಾನ ಎಳೆಯ ಮಗುವಿಗೆ ಸಾಲದು. ನೀತಿ ಬರುವುದು ಕಥೆಯ ಅಂತ್ಯದಲ್ಲಿ. ಮಾಟಗಾತಿಯ ಮುಖ ಬರುವುದು ನಡುವಿನಲ್ಲಿ. ಮಗುವಿನ ನಿದ್ರೆಗೆ ಅಡ್ಡ ಬರುವುದು ಆ ಮುಖವೇ ಹೊರತು ನೀತಿಯಲ್ಲ. ೧೯೩೭ರಲ್ಲಿ ಬಂದ ಡಿಸ್ನಿಯವರ ಮೊದಲ ದೀರ್ಘ ಅನಿಮೇಷನ್ ಚಿತ್ರ ‘ಸ್ನೋ ವೈಟ್’ನಲ್ಲಿ ರಾಣಿ ಮುದುಕಿಯಾಗಿ ಮಾರ್ಪಡುವ ದೃಶ್ಯವನ್ನು ನೋಡಿದವರಿಗೆ ಇದು ಮನದಟ್ಟಾಗುವುದು.

ಒಂದೇ ದಿನ ತೆರೆ ಕಂಡ ಎರಡು ಚಿತ್ರಗಳು

ಅನಿಮೇಷನ್ ಎಂದೊಡನೆ ಮಕ್ಕಳದೆಂದು ತಿಳಿಯುವುದು ದೊಡ್ಡ ಭ್ರಮೆ. ೧೯೮೮ರ ಏಪ್ರಿಲ್ ೧೬ರಂದು ಜಪಾನಿನಲ್ಲಿ ಘಿಬ್ಲಿ ಸಂಸ್ಥೆಯ ಎರಡು ಚಿತ್ರಗಳು ಜೊತೆಜೊತೆಯಾಗಿ ಬಿಡುಗಡೆಯಾದವು. ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’ ಒಂದು. ಇಸಾವೊ ತಕಾಹತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಇನ್ನೊಂದು. ಎರಡರಲ್ಲಿಯೂ ನಾಲ್ಕು ವರ್ಷದ ಒಬ್ಬ ಬಾಲಿಕೆಯಿದ್ದಾಳೆ. ಮೊದಲನೆಯದರ ಮೇಯ್ ಎಂಬವಳು ಮರದ ಪೊಟರೆಯಲ್ಲಿ ಜಾರಿ ವನದೇವತೆಯಂಥ ದೊಡ್ಡ ಪ್ರಾಣಿಯೊಂದರ ಹೊಟ್ಟೆಯ ಮೇಲೆ ಮಲಗಿ ನಿದ್ರಿಸುತ್ತಾಳೆ. ಎರಡನೆಯದರ ಸೆತ್ಸುಕೊ ಯುದ್ಧಕಾಲದಲ್ಲಿ ಅಣ್ಣನ ಕಣ್ಣೆದುರೇ ಅನ್ನವಿಲ್ಲದೆ ಸಾಯುತ್ತಾಳೆ. ಸಂಸ್ಥೆ ಒಂದೇ, ದಿನ ಒಂದೇ, ನಾಯಿಕೆಯ ವಯಸ್ಸೂ ಒಂದೇ. ಎರಡೂ ಶ್ರೇಷ್ಠ ಕೃತಿಗಳೇ. ಆದರೆ ಎರಡನೆಯದು ಎಳೆಯರಿಗೆ ಸಲ್ಲದು. ಚಿತ್ರದ ಹೊದಿಕೆಯನ್ನೋ ತಯಾರಕರ ಹೆಸರನ್ನೋ ನೋಡಿ ಆರಿಸುವವರಿಗೆ ಇದಕ್ಕಿಂತ ಮಿಗಿಲಾದ ಎಚ್ಚರಿಕೆ ಬೇಕಾಗಿಲ್ಲ.

ಸೌಮ್ಯತೆಯ ಲಕ್ಷಣ

ಹಾಗಾದರೆ ಸೌಮ್ಯ ಚಿತ್ರದ ಲಕ್ಷಣವೇನು? ‘ಟೊಟೊರೊ’ವನ್ನೇ ಪರಿಶೀಲಿಸಬಹುದು. ಸತ್ಸುಕಿ, ಮೇಯ್ ಎಂಬ ಅಕ್ಕತಂಗಿಯರು ತಂದೆಯೊಡನೆ ಹಳ್ಳಿಯ ಹಳೆಯ ಮನೆಗೆ ಬರುತ್ತಾರೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಕಥೆಯಲ್ಲಿ ಖಳನಿಲ್ಲ, ಯುದ್ಧವಿಲ್ಲ, ಸೇಡಿಲ್ಲ. ಆದರೂ ಅದು ನಿಸ್ಸಾರವಲ್ಲ. ಗಾಳಿಗೆ ಮನೆ ನಡುಗುವ ರಾತ್ರಿ ಮಕ್ಕಳು ಹೆದರಿದಾಗ ತಂದೆ ಗದರುವುದಿಲ್ಲ. ಸ್ನಾನದ ತೊಟ್ಟಿಯಲ್ಲಿ ಗಟ್ಟಿಯಾಗಿ ನಗುತ್ತಾನೆ, ಮಕ್ಕಳೂ ನಗುತ್ತಾರೆ. ಮೇಯ್ ತಾನು ಕಂಡ ವಿಚಿತ್ರ ಪ್ರಾಣಿಯ ಸಂಗತಿ ಹೇಳಿದಾಗ ಸುಳ್ಳೆಂದು ಜರೆಯದೆ, ಮಕ್ಕಳನ್ನು ಆ ಕರ್ಪೂರದ ಮರದ ಬಳಿಗೆ ಕರೆದೊಯ್ದು ಅದಕ್ಕೆ ವಂದಿಸುತ್ತಾನೆ. ಅದ್ಭುತ ಇಲ್ಲಿ ದುಃಖವನ್ನು ಅಳಿಸುವುದಿಲ್ಲ; ದುಃಖದಲ್ಲಿರುವ ಮಗುವಿನ ಪಕ್ಕದಲ್ಲಿ ಬಂದು ನಿಲ್ಲುತ್ತದೆ.

ಇದರಿಂದ ಮೂರು ಲಕ್ಷಣಗಳು ದೊರೆಯುತ್ತವೆ. ಭಯ ಹುಟ್ಟಿದೊಡನೆ ಆಸರೆ ಸಮೀಪದಲ್ಲಿರಬೇಕು. ಕಥೆಯ ಹಿರಿಯರು ಮಗುವಿನ ಮಾತಿಗೆ ಕಿವಿಗೊಡುವವರಾಗಿರಬೇಕು. ನಡುನಡುವೆ ಮಳೆ, ಮರ, ಮೌನಗಳಿಗೆ ಎಡೆಯಿದ್ದು ಮನಸ್ಸು ವಿಶ್ರಮಿಸುವಂತಿರಬೇಕು. ಹಾಗೆಂದು ಈ ಚಿತ್ರವೂ ಕಳವಳದಿಂದ ಮುಕ್ತವಲ್ಲ. ಮೇಯ್ ದಾರಿ ತಪ್ಪಿದಾಗ ಊರವರು ಕೊಳದಲ್ಲಿ ಹುಡುಕುವ ಸನ್ನಿವೇಶವಿದೆ. ಅಲ್ಲಿ ಹಿರಿಯರು ಮಗುವಿನ ಕೈ ಹಿಡಿದಿರಬೇಕು. ಅದೇ ಮಿಯಾಝಾಕಿಯವರ ೨೦೦೧ರ ‘ಸ್ಪಿರಿಟೆಡ್ ಅವೇ’ಯಲ್ಲಿ ತಂದೆತಾಯಿಗಳು ಮೊದಲ ಭಾಗದಲ್ಲಿಯೇ ಹಂದಿಗಳಾಗಿ ಬಿಡುತ್ತಾರೆ. ಆಸರೆಯೇ ಕಳಚುವ ಆ ಕಥೆ ಹತ್ತು ವರ್ಷದವರಿಗೆ ಒಪ್ಪಬಹುದು, ಐದು ವರ್ಷದವರಿಗೆ ಒಪ್ಪದು.

ಪ್ರಮಾಣಪತ್ರ ಮತ್ತು ಕಾಲಮಿತಿ

‘ಯು’ ಪ್ರಮಾಣಪತ್ರವಿದ್ದರೆ ಸಾಕೆಂಬ ನಂಬಿಕೆಯೂ ಪರಿಶೀಲನೆಗೆ ಅರ್ಹ. ಚಿತ್ರವನ್ನು ಎಲ್ಲರೂ ನೋಡಲು ಕಾನೂನಿನ ಅಡ್ಡಿಯಿಲ್ಲವೆಂಬುದೇ ಅದರ ಅರ್ಥ. ಚಿತ್ರ ನಾಲ್ಕು ವರ್ಷದ ಮಗುವಿಗಾಗಿ ರಚಿತವಾದುದೆಂದು ಅದು ಹೇಳುವುದಿಲ್ಲ. ೨೦೨೩ರ ತಿದ್ದುಪಡಿಯಿಂದ ಭಾರತದಲ್ಲಿ ‘ಯುಎ’ ವರ್ಗವನ್ನು ೭, ೧೩, ೧೬ ವರ್ಷಗಳಿಗೆ ಅನುಗುಣವಾಗಿ ಮೂರಾಗಿ ವಿಂಗಡಿಸಿರುವುದು ಉಪಯುಕ್ತವಾದ ಕ್ರಮ. ಆದರೆ ಏಳರ ಕೆಳಗಿನವರ ಹೊಣೆ ಎಂದಿನಂತೆ ಹಿರಿಯರದೇ.

ಕಾಲದ ವಿಷಯದಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ತೆರೆ ನೋಡುವ ಅವಧಿ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ತಿಳಿಸಿದೆ. ‘ಟೊಟೊರೊ’ದ ಅವಧಿ ೮೬ ನಿಮಿಷ. ಆದುದರಿಂದ ಎಳೆಯರಿಗೆ ಅದನ್ನು ಎರಡು ದಿನಗಳಿಗೆ ಹಂಚುವುದು ಲೇಸು. ಮಳೆಯ ರಾತ್ರಿ ಬಸ್ಸಿಗಾಗಿ ಕಾಯುವ ದೃಶ್ಯ ಮುಗಿದ ಮೇಲೆ ನಿಲ್ಲಿಸಿದರೆ ಮಗು ಸಂತೋಷದಿಂದಲೇ ಮರುದಿನಕ್ಕೆ ಕಾಯುವುದು. ೧೯೭೭ರಲ್ಲಿ ಬಂದ ‘ವಿನ್ನಿ ದ ಪೂ’ ಚಿತ್ರ ಮೂರು ಕಿರುಚಿತ್ರಗಳ ಜೋಡಣೆಯಾದುದರಿಂದ ಬಿಡಿಬಿಡಿಯಾಗಿ ತೋರಿಸಲು ಅನುಕೂಲ. ನಮ್ಮ ದೇಶದಲ್ಲಿಯೇ ವಿಜಯಾ ಮುಳೆಯವರು ಭೀಮಸೇನರ ಸಹಯೋಗದಿಂದ ೧೯೭೪ರಲ್ಲಿ ರೂಪಿಸಿದ ‘ಏಕ್ ಅನೇಕ್ ಔರ್ ಏಕ್ತಾ’ ಏಳೇ ನಿಮಿಷಗಳಷ್ಟಿದ್ದು, ಬಲೆಯೊಡನೆ ಹಾರಿಹೋಗುವ ಹಕ್ಕಿಗಳ ಹಳೆಯ ಕಥೆಯನ್ನು ಹೃದ್ಯವಾಗಿ ಹೇಳುತ್ತದೆ.

ದೇಹಕ್ಕೆ ಸಂಬಂಧಿಸಿದ ಎಚ್ಚರವೂ ಒಂದುಂಟು. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನಲ್ಲಿ ‘ಪೊಕೆಮಾನ್’ ಸರಣಿಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿದ ಪರಿಣಾಮ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಕತ್ತಲೆಯ ಕೋಣೆಯಲ್ಲಿ ತೆರೆಗೆ ಅಂಟಿಕೊಂಡಂತೆ ಮಕ್ಕಳನ್ನು ಕೂರಿಸಬಾರದು.

ಶಾಲೆಗಳ ವಿಶೇಷ ಹೊಣೆ

ಮನೆಯಲ್ಲಿ ಹೆದರಿದ ಮಗುವಿಗೆ ತಾಯಿಯ ಮಡಿಲಿದೆ. ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ಪ್ರಸಾದನಿಲಯಗಳಲ್ಲಿ ಊರು ಬಿಟ್ಟು ಬಂದ ಮಕ್ಕಳಿರುತ್ತಾರೆ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರೂ ಅವರಲ್ಲಿರುವುದುಂಟು. ತಾಯಿಯ ಅಗಲಿಕೆಯ ದೃಶ್ಯ ಉಳಿದವರಿಗೆ ಕಥೆಯಾದರೆ ಅಂಥವರಿಗೆ ಗಾಯ. ಸಭಾಂಗಣದಲ್ಲಿ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಚಿತ್ರವನ್ನು ತೋರಿಸುವ ಪದ್ಧತಿ ಇಲ್ಲಿ ಸರ್ವಥಾ ಕೂಡದು.

ಆದುದರಿಂದ ಚಿತ್ರವನ್ನು ಶಿಕ್ಷಕರು ಮೊದಲು ತಾವೇ ಆದ್ಯಂತವಾಗಿ ನೋಡಬೇಕು. ಕಥೆಯನ್ನು ಹಿಂದಿನ ದಿನ ಬಾಯಿಮಾತಿನಲ್ಲಿ ಹೇಳಿ, ಮುಂದೆ ಬರುವ ಕಳವಳವನ್ನೂ ಅದರ ಪರಿಹಾರವನ್ನೂ ತಿಳಿಸಬೇಕು. ದೀಪವನ್ನು ಪೂರ್ತಿ ಆರಿಸದೆ, ತೆರೆಯನ್ನಲ್ಲದೆ ಮಕ್ಕಳ ಮುಖಗಳನ್ನು ನೋಡುತ್ತ ಕುಳಿತಿರಬೇಕು. ಎದ್ದು ಹೋಗಬಯಸಿದ ಮಗುವನ್ನು ಅಂಜುಬುರುಕನೆಂದು ಹಂಗಿಸದೆ ಹೊರಗೆ ಕರೆದೊಯ್ಯಬೇಕು. ಮುಗಿದ ಬಳಿಕ ‘ಇದರ ನೀತಿಯೇನು’ ಎಂದು ಕೇಳುವುದಕ್ಕಿಂತ ‘ನಿನಗೆ ಯಾವುದು ಇಷ್ಟವಾಯಿತು, ಯಾವುದು ಬೇಡವೆನಿಸಿತು’ ಎಂದು ಕೇಳಿ, ಚಿತ್ರ ಬರೆಯಲು ಹಾಳೆ ಕೊಡುವುದು ಮೇಲು.

ಉದಾರಿಗಳಾದ ದಾನಿಗಳು ಶಾಲೆಗಳಿಗೆ ತೆರೆಯನ್ನೂ ಪ್ರೊಜೆಕ್ಟರನ್ನೂ ಕೊಡುತ್ತಿರುವುದು ಶ್ಲಾಘ್ಯ. ಆ ಉಪಕರಣ ಫಲಿಸುವುದು ಅದರ ಪಕ್ಕದಲ್ಲಿ ಕುಳಿತವರ ವಿವೇಕದಿಂದ. ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಸಂಜೆ ಬಂದು ಎಳೆಯರ ನಡುವೆ ಕುಳಿತು ಚಿತ್ರವನ್ನು ನೋಡಿದರೆ ಅದೂ ದಾನವೇ. ಅದ್ಭುತವನ್ನು ಕಂಡು ಅರಳಿದ ಕಣ್ಣು ಅಂದಿನ ರಾತ್ರಿ ನಿಶ್ಚಿಂತೆಯಿಂದ ಮುಚ್ಚಿದರೆ ಆಯ್ಕೆ ಸರಿಯಾಯಿತೆಂದು ತಿಳಿಯಬಹುದು.