ಕೂಸಿನ ಮಲವೂ ಶೌಚಾಲಯಕ್ಕೆ ಸೇರಲಿ: ಎಳೆಯ ಮಕ್ಕಳ ಶೌಚಾಭ್ಯಾಸ ಕುರಿತು ಸದಸ್ಯರಿಗೆ ಒಂದು ಪಾಠ

ತಮ್ಮ ವಾರ್ಡಿನಲ್ಲಿ ಶೌಚಾಲಯವಿರುವ ಮನೆಗಳೆಷ್ಟು ಎಂದು ಕೇಳಿದರೆ ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರು ತಟ್ಟನೆ ಉತ್ತರಿಸಬಲ್ಲರು. ಅದೇ ಮನೆಗಳಲ್ಲಿರುವ ಎರಡು ವರ್ಷದೊಳಗಿನ ಕೂಸುಗಳ ಮಲ ದಿನವೂ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ತುಸು ಯೋಚಿಸಬೇಕಾಗುತ್ತದೆ. ಬಟ್ಟೆಯನ್ನು ಬಚ್ಚಲಿನಲ್ಲಿ ಜಾಲಿಸಿದರೆ ಅದು ಬೀದಿಯ ಚರಂಡಿಗೆ ಹೋಗುತ್ತದೆ. ಕಾಗದದಲ್ಲಿ ಬಳಿದು ಎಸೆದರೆ ತಿಪ್ಪೆ ಸೇರುತ್ತದೆ. ಅಂಗಳದಲ್ಲಿಯೇ ಕೂರಿಸಿದ್ದರೆ ಮೇಲಿಷ್ಟು ಮಣ್ಣು ಎಳೆದು ಬಿಡುವುದೂ ಉಂಟು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ್ ಮಿಷನ್ ಆರಂಭವಾದ ತರುವಾಯ ಹಳ್ಳಿಗಳಲ್ಲಿ ಶೌಚಾಲಯಗಳು ಕಟ್ಟಲ್ಪಟ್ಟವು, ಗ್ರಾಮಗಳು ಬಯಲು ಬಹಿರ್ದೆಸೆ ಮುಕ್ತವೆಂದು ಘೋಷಿತವಾದವು. ಆದರೆ ಆ ಲೆಕ್ಕದಲ್ಲಿ ಕೂಸು ಸೇರಲಿಲ್ಲ. ಶೌಚಾಲಯಕ್ಕೆ ತಾನಾಗಿ ನಡೆದು ಹೋಗಲಾರದವರ ಮಾತು ಬಂದಾಗ ನಾವು ವೃದ್ಧರನ್ನೂ ಅಂಗವಿಕಲರನ್ನೂ ನೆನೆಯುತ್ತೇವೆ, ಹಸುಳೆಗಳನ್ನು ಮರೆಯುತ್ತೇವೆ.

ಮರೆವಿಗೆ ಕಾರಣವೊಂದಿದೆ. ಹಾಲು ಕುಡಿಯುವ ಕೂಸಿನದು ಹೇಸಿಗೆಯಲ್ಲ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ವಾತ್ಸಲ್ಯದ ಮಾತಾಗಿ ಅದು ಚೆಂದವೇ ಸರಿ. ಆರೋಗ್ಯದ ದೃಷ್ಟಿಯಿಂದ ತಪ್ಪು. ಭೇದಿ ಉಂಟುಮಾಡುವ ರೋಟಾ ವೈರಸ್ ಮೊದಲಾದ ರೋಗಾಣುಗಳು ಹೆಚ್ಚಾಗಿ ತಗಲುವುದು ಎಳೆಯ ಮಕ್ಕಳಿಗೇ. ಆದುದರಿಂದ ಅವರ ಮಲದಲ್ಲಿಯೂ ಅವು ಹೇರಳವಾಗಿರುತ್ತವೆ. ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲವು. ಅದೇ ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಮಣ್ಣು ಹತ್ತಿದ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಪದೇ ಪದೇ ಭೇದಿಯಾಗುವ ಮಗುವಿನ ಮೈಗೆ ಉಂಡದ್ದು ಹತ್ತುವುದಿಲ್ಲ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಕೆಳಗಿಳಿದ ಗೆರೆಯನ್ನು ಕಂಡು ನಾವು ಆಹಾರದ ಕೊರತೆಯನ್ನಷ್ಟೇ ಸಂಶಯಿಸುತ್ತೇವೆ. ಚರಂಡಿಯ ಕಡೆಗೂ ಒಮ್ಮೆ ನೋಡಬೇಕು.

ಚರಂಡಿಯ ವಿಷಯ ಬಂದುದರಿಂದ ಇಲ್ಲಿ ಇನ್ನೊಂದು ಮಾತು. ಹಲವು ಊರುಗಳಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯ ಪಕ್ಕದಲ್ಲಿ ಅಥವಾ ಚರಂಡಿಯೊಳಗೇ ಹಾದು ಮನೆಗೆ ತಿರುಗುತ್ತದೆ. ನೀರು ಬಿಡುವುದು ದಿನಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತು ಪೈಪು ಬರಿದಾಗಿ ಒಳಗಿನ ಒತ್ತಡ ಇಳಿಯುತ್ತದೆ. ಜೋಡಣೆಯಲ್ಲಿ ಸಣ್ಣದೊಂದು ಸೀಳಿದ್ದರೂ ಸಾಕು, ಹೊರಗಿನ ಕೊಳೆನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ನೀರುಗಂಟಿ ವಾಲ್ವ್ ತಿರುಗಿಸಿದಾಗ ಅದೇ ನೀರು ನಲ್ಲಿಯಲ್ಲಿ ಬರುತ್ತದೆ. ಒಂದು ಮನೆಯ ಬಚ್ಚಲಿನಲ್ಲಿ ಜಾಲಿಸಿದ ಬಟ್ಟೆಯ ಕೊಳೆ ಇಡೀ ಬೀದಿಗೆ ಹಂಚಿಕೆಯಾಗುವುದು ಹೀಗೆ. ಆದುದರಿಂದ ಕೂಸಿನ ಶೌಚವನ್ನು ಆಯಾ ಮನೆಯ ಒಳಗಿನ ಸಂಗತಿಯೆಂದು ಬಿಟ್ಟುಬಿಡುವಂತಿಲ್ಲ.

ಇನ್ನು ಅಭ್ಯಾಸ ಮಾಡಿಸುವ ಬಗೆ. ಇದನ್ನು ಹೊರಗಿನವರು ಬಂದು ನಮಗೆ ಕಲಿಸಬೇಕಾಗಿಲ್ಲ. ನಮ್ಮ ಅಜ್ಜಿಯರು ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ತೆರಪು ಮಾಡಿ, ಕೂಸನ್ನು ತಮ್ಮ ಕಾಲುಗಳ ಮೇಲೆ ಕೂರಿಸಿ ‘ಸ್‌ಸ್‌ಸ್’ ಎಂದು ಸದ್ದು ಮಾಡುತ್ತಿದ್ದರು. ಇಂದಿಗೂ ಅನೇಕ ಮನೆಗಳಲ್ಲಿ ಈ ಕ್ರಮವುಂಟು. ಕೂಸಿನ ಬೆನ್ನಿಗೆ ಆಸರೆ ಇರುತ್ತದೆ, ಮಂಡಿಗಳು ಮೇಲಕ್ಕೆ ಬಂದು ಕುಕ್ಕರುಗಾಲಿನ ಭಂಗಿ ತಾನಾಗಿ ಒದಗುತ್ತದೆ. ಮಲವಿಸರ್ಜನೆಗೆ ಈ ಭಂಗಿ ಅನುಕೂಲ. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂರಿಸಬೇಕೆಂಬ ಅವರ ತಿಳಿವಳಿಕೆಯೂ ಸರಿಯಾದುದೇ: ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ಶರೀರದ ಸಹಜ ಧರ್ಮ. ಈ ಪದ್ಧತಿಯಲ್ಲಿ ಕೊರತೆ ಒಂದೇ. ಪಾದಗಳ ನಡುವೆ ಬರಿಯ ನೆಲವಿರುತ್ತಿತ್ತು. ಅಲ್ಲಿ ಒಂದು ಪಾತ್ರೆ ಇಟ್ಟರೆ ಪದ್ಧತಿ ಪೂರ್ಣವಾಗುತ್ತದೆ.

ಪೇಟೆಯಲ್ಲಿ ಪಾಟಿ ಎಂದು ಮಾರುವ ಪ್ಲಾಸ್ಟಿಕ್ಕಿನ ಪುಟ್ಟ ಪೀಠವೇ ಬೇಕೆಂದಿಲ್ಲ. ಅಂಚು ನುಣುಪಾಗಿದ್ದು ತಳ ಅಗಲವಾಗಿರುವ ಹಳೆಯ ಟಬ್ಬೂ ಆದೀತು. ಅದನ್ನು ಬೇರೆ ಯಾವುದಕ್ಕೂ ಬಳಸಬಾರದು. ತಳದಲ್ಲಿ ಸ್ವಲ್ಪ ನೀರು ಹಾಕಿಟ್ಟರೆ ಮಲ ಅಂಟಿಕೊಳ್ಳದೆ ಸುಲಭವಾಗಿ ಶೌಚಾಲಯದ ಪ್ಯಾನಿಗೆ ಜಾರುತ್ತದೆ. ಕತ್ತು ನಿಲ್ಲುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಕೂಸನ್ನು ಕಾಲ ಮೇಲೆಯೇ ಒರಗಿಸಿಕೊಂಡು ತಲೆಗೆ ಕೈಯಾಸರೆ ಕೊಡಬೇಕು. ಆರರಿಂದ ಎಂಟು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವಾಗಿ ಕೂರಬಲ್ಲವರಾಗುತ್ತಾರೆ. ಆಗ ಪಾದಗಳು ನೆಲಕ್ಕೆ ತಾಗುವಷ್ಟು ತಗ್ಗಾದ ಪೀಠದ ಮೇಲೆ, ದೊಡ್ಡವರು ಪಕ್ಕದಲ್ಲಿದ್ದು, ಐದು ನಿಮಿಷ ಕೂರಿಸಿದರೆ ಸಾಕು. ಬೆಳಿಗ್ಗೆ ಎದ್ದೊಡನೆ ಒಮ್ಮೆ, ಹಾಲು ಅಥವಾ ಊಟದ ಬಳಿಕ ಒಮ್ಮೆ. ನೀರು ತುಂಬಿದ ಬಕೆಟ್ಟು, ಡ್ರಮ್ಮುಗಳ ಬಳಿ ಮಗುವನ್ನು ಒಂಟಿಯಾಗಿ ಕೂರಿಸಿ ಒಳಗೆ ಹೋಗುವುದು ಅಪಾಯಕರ.

ಇಲ್ಲಿ ಒಂದು ಗೊಂದಲವನ್ನು ತಿಳಿಗೊಳಿಸಬೇಕು. ಒಂದೂವರೆ ವರ್ಷ ಆಗುವವರೆಗೆ ಮಗುವಿಗೆ ಶೌಚದ ತರಬೇತಿ ಬೇಡವೆಂದು ವೈದ್ಯರು ಹೇಳುವುದನ್ನು ಕೆಲವರು ಕೇಳಿರಬಹುದು. ಮೂರು ತಿಂಗಳಿಗೇ ಅಭ್ಯಾಸ ಮಾಡಿಸಿದೆವು ಎನ್ನುತ್ತಾರೆ ಮನೆಯ ಹಿರಿಯರು. ಇಬ್ಬರೂ ಹೇಳುತ್ತಿರುವುದು ನಿಜ. ಹೇಳುತ್ತಿರುವ ಸಂಗತಿಗಳು ಮಾತ್ರ ಬೇರೆ ಬೇರೆ. ಮಲಮೂತ್ರಗಳನ್ನು ತಾನೇ ತಡೆದು, ಬೇಕಾದಾಗ ಬಿಡುವ ಹಿಡಿತ ಮಗುವಿಗೆ ಬರತೊಡಗುವುದು ಒಂದೂವರೆ ಎರಡು ವರ್ಷದ ಹೊತ್ತಿಗೆ. ಅದಕ್ಕೂ ಮುಂಚೆ ಅಭ್ಯಾಸವಾಗುವುದು ಮುಖ್ಯವಾಗಿ ತಾಯಿಗೆ ಅಥವಾ ಅಜ್ಜಿಗೆ: ಕೂಸಿನ ಮುಖ ಕೆಂಪಾಗುವುದು, ಆಟ ನಿಲ್ಲಿಸಿ ಸುಮ್ಮನಾಗುವುದು, ತಿಣುಕುವುದು ಇವನ್ನು ಗುರುತಿಸಿ ಸಕಾಲಕ್ಕೆ ಪಾತ್ರೆ ಹಿಡಿಯುವ ಜಾಣ್ಮೆ. ನಮ್ಮ ಉದ್ದೇಶಕ್ಕೆ ಅಷ್ಟೇ ಸಾಕು. ಮಗು ಬೇಗ ಕಲಿಯಿತೆಂಬ ಹೆಗ್ಗಳಿಕೆ ನಮಗೆ ಬೇಡ. ಮಲ ಚರಂಡಿಗೆ ಹೋಗದಿರುವುದು ಬೇಕು.

ಆದಕಾರಣ ಬಲವಂತ ಸಲ್ಲದು. ಅಳುವ ಮಗುವನ್ನು ಅದುಮಿ ಕೂರಿಸಿದರೆ, ಬಟ್ಟೆಯಲ್ಲಿ ಮಾಡಿಕೊಂಡಿತೆಂದು ಗದರಿದರೆ, ಅದು ಹೆದರಿ ಮಲವನ್ನು ತಡೆಹಿಡಿಯತೊಡಗುತ್ತದೆ. ಮಲ ಗಟ್ಟಿಯಾಗಿ ನೋವು ಹೆಚ್ಚುತ್ತದೆ, ನೋವಿಗೆ ಅಂಜಿ ಇನ್ನಷ್ಟು ತಡೆಯುತ್ತದೆ. ಹಲ್ಲು ಬರುವಾಗ, ಜ್ವರ ಬಂದಾಗ, ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದಾಗ ಕಲಿತದ್ದನ್ನು ಮರೆಯುವುದೂ ಸಹಜ. ನಾಲ್ಕೈದು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಅದು ತಪ್ಪೂ ಅಲ್ಲ, ರೋಗವೂ ಅಲ್ಲ.

ಪಾತ್ರೆಯನ್ನು ತೊಳೆದ ನೀರೂ ಶೌಚಾಲಯದ ಪ್ಯಾನಿಗೇ ಹೋಗಬೇಕು, ಬಚ್ಚಲಿಗಲ್ಲ. ಬಟ್ಟೆಯಲ್ಲಿ ಆಗಿದ್ದರೆ ಮೊದಲ ಜಾಲಿಕೆಯನ್ನು ಪ್ಯಾನಿನ ಮೇಲೆಯೇ ಮಾಡಬೇಕು. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಬಳಿಕ ತೊಳೆದವರ ಕೈಗೆ ಸಾಬೂನು, ಮಗುವಿನ ಕೈಗೂ. ಪ್ರಯಾಣಕ್ಕೋ ರಾತ್ರಿಗೋ ಡಯಾಪರ್ ಬಳಸುವ ಮನೆಗಳು ಈಗ ಹಳ್ಳಿಯಲ್ಲೂ ಹೆಚ್ಚಿವೆ. ಅದರೊಳಗಿನ ಮಲವನ್ನು ಪ್ಯಾನಿಗೆ ಉದುರಿಸಿ, ಡಯಾಪರನ್ನು ಕಾಗದದಲ್ಲಿ ಸುತ್ತಿ, ಕಸದ ವಾಹನಕ್ಕೆ ಪ್ರತ್ಯೇಕವಾಗಿ ಕೊಡಬೇಕು. ಪ್ಯಾನಿನಲ್ಲಿ ಹಾಕಿದರೆ ಪೈಪು ಕಟ್ಟುತ್ತದೆ. ಗುಂಡಿಗೆ ಸೇರಿದರೂ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಮುಂದೆ ಗೊಬ್ಬರ ತೆಗೆಯುವವರ ಕೈಗೆ ಸಿಗುತ್ತದೆ. ಸ್ವಚ್ಛವಾಹಿನಿಯಲ್ಲಿ ಕಸ ಬೇರ್ಪಡಿಸುವ ಸ್ವಸಹಾಯ ಸಂಘದ ಮಹಿಳೆಯರು ಪ್ರತಿದಿನ ಬರಿಗಣ್ಣಿನಲ್ಲಿ ಕಾಣುವ ತೊಂದರೆ ಇದು. ಅವರ ಅನುಭವವನ್ನು ಸಭೆಯಲ್ಲಿ ಒಮ್ಮೆ ಕೇಳುವುದು ಒಳಿತು.

ಪಂಚಾಯಿತಿಯ ಕೈಯಲ್ಲಿರುವುದೇನು? ಮೊದಲನೆಯದು ಕೂಸಿನ ಮನೆ. ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳು ಹಗಲೆಲ್ಲ ಇರುವ ಜಾಗವದು. ಅಲ್ಲಿ ಆಟಿಕೆ ಇದೆಯೇ, ಹಾಲು ಕಾಯಿಸಲು ವ್ಯವಸ್ಥೆ ಇದೆಯೇ ಎಂದು ವಿಚಾರಿಸುವಾಗ ಪಾಟಿಗಳೆಷ್ಟಿವೆ, ಅವನ್ನು ಎಲ್ಲಿ ತೊಳೆಯುತ್ತಾರೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ವಿಚಾರಿಸಬೇಕು. ಆರೈಕೆದಾರ ಮಹಿಳೆಗೆ ಸಾಬೂನು ತಿಂಗಳ ಕೊನೆಯವರೆಗೂ ಸಾಲುತ್ತಿದೆಯೇ ಎಂಬುದು ಚಿಕ್ಕ ಪ್ರಶ್ನೆಯಂತೆ ಕಂಡರೂ ಕೇಳಲೇಬೇಕಾದದ್ದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯೊಡನೆ ಈ ವಿಷಯವನ್ನು ಚರ್ಚಿಸಬಹುದು. ಬಾಣಂತಿಯರ ಮನೆಗೆ ಹೋಗುವವರು ಅವರು. ಮಾತನಾಡುವಾಗ ಸೊಸೆಯೊಬ್ಬಳಿಗೇ ಹೇಳಿ ಬರುವುದರಿಂದ ಪ್ರಯೋಜನ ಕಡಿಮೆ. ಕೂಸನ್ನು ಕಾಲ ಮೇಲೆ ಕೂರಿಸುವವರು ಅತ್ತೆ, ಅಜ್ಜಿಯರು. ಅವರ ಪದ್ಧತಿಯನ್ನು ಮೆಚ್ಚಿ, ಪಾತ್ರೆಯೊಂದನ್ನು ಸೇರಿಸಿಕೊಳ್ಳಿರೆಂದು ಕೋರಿದರೆ ಒಪ್ಪುತ್ತಾರೆ. ತಂದೆಯಂದಿರನ್ನೂ ಬಿಡಬಾರದು, ಪಾತ್ರೆ ತೊಳೆಯಲು ಗಂಡಸಿನ ಕೈಯೂ ಆದೀತು.

ಎರಡೂವರೆ ಮೂರು ವರ್ಷಕ್ಕೆ ಮಗು ಪಾಟಿಯನ್ನು ಬಿಟ್ಟು ಶೌಚಾಲಯಕ್ಕೆ ಹೋಗುವ ವಯಸ್ಸಿಗೆ ಬರುತ್ತದೆ. ಅಷ್ಟರಲ್ಲಿ ಅದು ಅಂಗನವಾಡಿಗೂ ಸೇರಿರುತ್ತದೆ. ದೊಡ್ಡವರ ಅಳತೆಯ ಪ್ಯಾನಿನ ಮೇಲೆ ಮಗುವಿನ ಕಾಲುಗಳು ಅಷ್ಟಗಲ ಚಾಚಲಾರವು. ಕೆಳಗಿನ ಕಪ್ಪು ತೂತನ್ನು ಕಂಡರೆ ಅದಕ್ಕೆ ಬೀಳುವ ಭಯ. ಕತ್ತಲೆಯ ಕೋಣೆ, ಎಟುಕದ ಚಿಲಕ, ತುಂಬಿಟ್ಟ ನೀರಿಲ್ಲದ ತೊಟ್ಟಿ ಇವೆಲ್ಲ ಸೇರಿ ಎರಡು ವರ್ಷದ ಅಭ್ಯಾಸ ಒಂದೇ ವಾರದಲ್ಲಿ ಮುರಿದು, ಮಗು ಮತ್ತೆ ಕಟ್ಟಡದ ಹಿಂಬದಿಗೆ ಹೋಗಿ ಕೂರುತ್ತದೆ. ಆದುದರಿಂದ ಸದಸ್ಯರು ಮುಂದಿನ ಬಾರಿ ತಮ್ಮ ವಾರ್ಡಿನ ಅಂಗನವಾಡಿಗೆ ಭೇಟಿ ಕೊಟ್ಟಾಗ ಮಕ್ಕಳ ಅಳತೆಯ ಪ್ಯಾನು ಇದೆಯೇ, ಕಿಟಕಿಯಿಂದ ಬೆಳಕು ಬರುತ್ತದೆಯೇ, ನಲ್ಲಿ ಮಗುವಿನ ಕೈಗೆ ಎಟುಕುತ್ತದೆಯೇ ಎಂದು ಸ್ವತಃ ಒಳಗೆ ಹೋಗಿ ನೋಡತಕ್ಕದ್ದು. ಬಾಗಿಲಿಗೆ ಬೀಗ ಹಾಕಿದ್ದರೆ ಕೀಲಿ ಯಾರ ಬಳಿ ಇದೆ, ದಿನದಲ್ಲಿ ಎಷ್ಟು ಹೊತ್ತು ಅದು ತೆರೆದಿರುತ್ತದೆ ಎಂಬುದನ್ನು ಕೇಳಿ ಬರೆದುಕೊಂಡು, ಮುಂದಿನ ಸಾಮಾನ್ಯ ಸಭೆಯ ಮುಂದಿಡತಕ್ಕದ್ದು.