ತೆಂಗಿನ ಸೀಮೆಯಲ್ಲಿ ಕಾರ್ನೇಷನ್: ಕೈಹಾಕುವ ಮುನ್ನ

ಕೆಂಕೆರೆ, ಹುಳಿಯಾರು ಸುತ್ತಿನ ರೈತರಿಗೆ ತೆಂಗೇ ಆಧಾರ. ಮಳೆ ಕೈಕೊಟ್ಟು ಕೊಳವೆ ಬಾವಿ ಬತ್ತಿದ ವರ್ಷ ತೋಟ ಸೊರಗುತ್ತದೆ. ಆಗ ಬೇರೊಂದು ಆದಾಯದತ್ತ ಕಣ್ಣು ಹಾಯುವುದು ಸಹಜ. ಆದರೆ ಸಾಲ ಮಾಡಿ ಪಾಲಿಹೌಸ್ ಕಟ್ಟಿ ಕಾರ್ನೇಷನ್ ಬೆಳೆಯುವ ಮುನ್ನ ಈ ಬೆಳೆಯ ಗುಣ ತಿಳಿದಿರಬೇಕು.

ಹವಾಗುಣ: ಕಾರ್ನೇಷನ್ ತಂಪು ಬಯಸುವ ಹೂ. ಹಗಲು 20ರಿಂದ 25 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ ಸೆಲ್ಸಿಯಸ್ ಉತ್ತಮ. ನಮ್ಮಲ್ಲಿ ಬೇಸಿಗೆಯ ಹಗಲು 35 ಡಿಗ್ರಿ ದಾಟುವುದುಂಟು. ಆಗ ಕಾಂಡ ಸಣಕಲಾಗಿ ಹೂ ಚಿಕ್ಕದಾಗುತ್ತದೆ. ಬಿಸಿಲು ಸಾಲದ ತೆಂಗಿನ ಮರದ ನೆರಳಿನಲ್ಲಂತೂ ಇದನ್ನು ನೆಡಬಾರದು.

ಮಡಿ ಸಿದ್ಧತೆ: ಒಂದು ಮೀಟರ್ ಅಗಲ, ಒಂದಡಿ ಎತ್ತರದ ಮಡಿ ಮಾಡಿರಿ. ನೀರು ಬಸಿದು ಹೋಗುವುದು ಮುಖ್ಯ. ರಸಸಾರ 6ರಿಂದ 6.5 ಇರಲಿ. ನಮ್ಮಲ್ಲಿ ದೊರೆಯುವ ತೆಂಗಿನ ನಾರಿನ ಹುಡಿಯನ್ನು ಮಣ್ಣಿಗೆ ಬೆರೆಸಬಹುದು. ಆದರೆ ಅದನ್ನು ಮೊದಲು ಚೆನ್ನಾಗಿ ತೊಳೆದು ಲವಣ ಕಳೆಯಬೇಕು. ಕೊಳವೆ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿರಿ.

ನಾಟಿ: ಬೇರೊಡೆದ ಸಸಿಗಳನ್ನು 15 ಸೆಂ.ಮೀ. ಅಂತರದಲ್ಲಿ ಮೇಲ್ಮೇಲೆ ನೆಡಿರಿ. ಆಳಕ್ಕೆ ನೆಟ್ಟರೆ ಬುಡ ಕೊಳೆಯುತ್ತದೆ. ಗಿಡ ಬಾಗದಂತೆ ಮಡಿಯ ಮೇಲೆ ಹಂತಹಂತವಾಗಿ ಬಲೆ ಕಟ್ಟಿರಿ.

ಚಿವುಟುವುದು: ಐದಾರು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಕಾಂಡಕ್ಕೊಂದೇ ದೊಡ್ಡ ಹೂ ಬಿಡುವ ತಳಿಗಳಲ್ಲಿ ಪಕ್ಕದ ಮೊಗ್ಗುಗಳನ್ನು ತೆಗೆಯಬೇಕು. ಗೊಂಚಲು ತಳಿಗಳಲ್ಲಿ ತುದಿಯ ಮೊಗ್ಗನ್ನು ಮಾತ್ರ ತೆಗೆಯಬೇಕು.

ತೊಂದರೆಗಳು: ಹಗಲು-ರಾತ್ರಿಯ ಉಷ್ಣತೆಯಲ್ಲಿ ಹೆಚ್ಚು ಏರುಪೇರಾದರೆ ಅಥವಾ ಬೋರಾನ್ ಕೊರತೆಯಾದರೆ ಹೂವಿನ ಪುಷ್ಪಪಾತ್ರೆ ಸೀಳುತ್ತದೆ. ಅಂಥ ಹೂವಿಗೆ ಬೆಲೆಯಿಲ್ಲ. ಫ್ಯುಸೇರಿಯಂ ಸೊರಗು ರೋಗ ಮಣ್ಣಿನಲ್ಲೇ ಉಳಿಯುತ್ತದೆ. ನಾಟಿಗೆ ಮೊದಲು ಬೇಸಿಗೆಯಲ್ಲಿ ಮಡಿಗೆ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು 4ರಿಂದ 6 ವಾರ ಹೊದಿಸಿದರೆ ರೋಗಾಣು ತಗ್ಗುತ್ತದೆ. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿರಿ. ಬಿಸಿಲು ಕಾಲದಲ್ಲಿ ಎಲೆಯ ಅಡಿಭಾಗದಲ್ಲಿ ನುಸಿ ಇದೆಯೇ ಎಂದು ನೋಡುತ್ತಿರಿ.

ಕೊಯ್ಲು: ನೆಟ್ಟ ನಾಲ್ಕೈದು ತಿಂಗಳಿಗೆ ಹೂ ಆರಂಭವಾಗುತ್ತದೆ. ಒಂಟಿ ಹೂವನ್ನು ದಳಗಳು ಕುಂಚದಂತೆ ನೆಟ್ಟಗೆ ನಿಂತಾಗ ಬೆಳಗ್ಗೆ ಕೊಯ್ದು ಕೂಡಲೇ ನೀರಿನಲ್ಲಿಡಿ. ಮಾಗಿದ ಹಣ್ಣುಗಳ ಬಳಿ ಇಡಬೇಡಿ. ಅವು ಸೂಸುವ ಎಥಿಲೀನ್ ಅನಿಲದಿಂದ ಹೂ ಬೇಗ ಬಾಡುತ್ತದೆ.

ನಿರ್ಧಾರ ಹೇಗೆ? ಬೇಸಿಗೆಯಲ್ಲೂ ಉಳಿಯುವ ನೀರು, ಪಾಲಿಹೌಸ್ ತಂಪಾಗಿಡುವ ವ್ಯವಸ್ಥೆ, ಹೂ ಕೊಳ್ಳುವವರೊಡನೆ ಮೊದಲೇ ಒಪ್ಪಂದ: ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸಾಲಕ್ಕೆ ಕೈಯೊಡ್ಡದಿರುವುದೇ ಲೇಸು. ಅಂಥವರು ಬಯಲಿನ ಬಿಸಿಲಿನಲ್ಲಿ ಕಾಲು ಎಕರೆ ಸೇವಂತಿಗೆಯಿಂದ ಆರಂಭಿಸಬಹುದು. ಅದಕ್ಕೆ ಪಾಲಿಹೌಸ್ ಬೇಡ, ನಷ್ಟವಾದರೂ ತೋಟ ಅಡವಿಡಬೇಕಾಗದು. ಹೆಚ್ಚಿನ ಸಲಹೆಗೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.