ಮೀಸಲು ಗಡಿಗೆಯ ಅಕ್ಕಿ

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದರು. ಮನೆಯಲ್ಲಿ ಎಷ್ಟೇ ಅಡಚಣೆ ಇರಲಿ, ಆ ಗಡಿಗೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಅದು ದೇವರಿಗೆ ಮೀಸಲು. ಭಾನುವಾರ ಅದು ದೇವಾಲಯಕ್ಕೆ ಹೋಗಿ, ಅಲ್ಲಿಂದ ಯಾವುದೋ ವಿಧವೆಯ ಮನೆಗೋ ಹಾಸಿಗೆ ಹಿಡಿದವರ ಮನೆಗೋ ತಲುಪುತ್ತಿತ್ತು. ದೂರದ ಮಿಜೋರಾಮಿನ ಸಭೆಗಳಲ್ಲಿ ಇಂಥದೇ ಹಿಡಿಯಕ್ಕಿಯ ಪದ್ಧತಿ 1910ರಲ್ಲಿ ಶುರುವಾಗಿ ಇಂದಿಗೂ ಮನೆಮನೆಯಲ್ಲಿ ನಡೆಯುತ್ತಿದೆ. ಬಡ ಹೆಂಗಸರ ಆ ಒಂದೊಂದು ಹಿಡಿಯೇ ಸೇರಿ ಸಭೆಯ ದೊಡ್ಡ ದೊಡ್ಡ ಕೆಲಸಗಳನ್ನು ಸಾಗಿಸಿದೆ.

ಗಡಿಗೆಯ ಅಕ್ಕಿಯೂ ಚೀಲದ ಅಕ್ಕಿಯೂ ಒಂದೇ ಎಂಬುದನ್ನು ಗಮನಿಸಿದ್ದೀರಾ? ಮೀಸಲಾಯಿತೆಂದು ದಪ್ಪಕ್ಕಿ ಸಣ್ಣಕ್ಕಿಯಾಗಲಿಲ್ಲ. ಇನ್ನೊಬ್ಬರ ಹೊಟ್ಟೆ ತುಂಬಲಿ ಎಂದು ಅದನ್ನು ಬೇರೆ ಇಟ್ಟರು, ಅಷ್ಟೇ. ಕೊಡದೆ ಹಾಗೇ ಬಾಯಿ ಕಟ್ಟಿಟ್ಟರೆ ನುಸಿ ಹಿಡಿಯುತ್ತದೆ. "ನಾವು ದೇವರಿಗೆ ಮೀಸಲಾದ ಜನ" ಎಂದು ಪ್ರಾರ್ಥನೆಯಲ್ಲಿ ಹೇಳಿಕೊಳ್ಳುವ ನೀವು ಈ ಗಡಿಗೆಯನ್ನು ನೆನಪಿನಲ್ಲಿಡಬೇಕು ಎಂದು ನನ್ನ ಆಸೆ. ನಮ್ಮಲ್ಲಿ ಎಷ್ಟೋ ಮಂದಿ ಗಡಿಗೆಯ ಬಾಯಿ ಕಟ್ಟಿಕೊಂಡು ಕೂತುಬಿಟ್ಟಿದ್ದಾರೆ.

ಸೀನಾಯಿ ಬೆಟ್ಟದ ಬುಡದಲ್ಲಿ ದೇವರು ಇಸ್ರಾಯೇಲ್ಯರನ್ನು ತನ್ನ ಸ್ವಂತ ಜನವೆಂದು ಕರೆದಾಗ ಅವರು ಯಾರು? ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಬಿಟ್ಟಿ ಆಳುಗಳು. ಸಂಖ್ಯೆಯಲ್ಲಿ ಬೇರೆ ಜನಾಂಗಗಳಿಗಿಂತ ಕಡಿಮೆಯವರು ಎಂದು ಧರ್ಮೋಪದೇಶಕಾಂಡವೇ ಸ್ಪಷ್ಟವಾಗಿ ಹೇಳುತ್ತದೆ. ಅವರನ್ನು ಯಾಜಕರ ರಾಜ್ಯವಾಗಲು ಕರೆದದ್ದು. ಯಾಜಕ ತನಗಾಗಿ ನಿಲ್ಲುವವನಲ್ಲ. ಉಳಿದವರ ಪರವಾಗಿ ದೇವರ ಮುಂದೆ ನಿಲ್ಲುವವನು. ಹಾಗಾಗಿ ಆರಿಸಿಕೊಂಡವರೆಂಬ ಮಾತು ಕೇಳಿದಾಗ ಎದೆ ಉಬ್ಬಿಸುವ ಬದಲು ಸೆರಗು ಸಿಕ್ಕಿಸಿಕೊಳ್ಳಿ. ಕೆಲಸಕ್ಕೆ ಕರೆ ಬಂದಿದೆ.

ಯಾವ ಕೆಲಸ? ಯಾಜಕಕಾಂಡದ 19ನೆಯ ಅಧ್ಯಾಯವನ್ನು ಈ ವಾರ ಒಮ್ಮೆ ನಿಧಾನವಾಗಿ ಓದಿ. ಯಾಜಕಕಾಂಡ ಬಂತೆಂದರೆ ಹಾಳೆ ಮಗುಚಿಬಿಡುವ ಅಭ್ಯಾಸ ಒಳ್ಳೆಯದಲ್ಲ. ದೇವರು ಪರಿಶುದ್ಧನಾದ್ದರಿಂದ ನೀವೂ ಪರಿಶುದ್ಧರಾಗಿರಬೇಕು ಎಂದು ಶುರುವಾಗುವ ಆ ಅಧ್ಯಾಯ ಮುಂದೆ ಎಲ್ಲಿಗೆ ಹೋಗುತ್ತದೆ ನೋಡಿ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆ ಬಡವರಿಗೆ ಬಿಡಬೇಕು. ಕೂಲಿಯವನ ಕೂಲಿ ಬೆಳಗಿನ ತನಕ ನಿಮ್ಮ ಮನೆಯಲ್ಲಿ ಉಳಿಯಬಾರದು. ಕಿವುಡನನ್ನು ಬೈಯಬಾರದು, ಕುರುಡನ ದಾರಿಯಲ್ಲಿ ಎಡವುವಂಥದ್ದೇನನ್ನೂ ಇಡಬಾರದು. ಚಾಡಿ ಹೇಳಿಕೊಂಡು ತಿರುಗಬಾರದು. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕು. ಪರಸ್ಥಳದಿಂದ ಬಂದವನನ್ನು ಸ್ವಂತದವನಂತೆ ಕಾಣಬೇಕು. ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ಸರಿಯಾಗಿರಬೇಕು. ಪರಿಶುದ್ಧತೆ ಎಂದರೆ ಬಿಳಿ ಸೀರೆ, ಮುಚ್ಚಿದ ಕಣ್ಣು, ಉದ್ದನೆಯ ಪ್ರಾರ್ಥನೆ ಎಂದುಕೊಂಡಿದ್ದರೆ ಇಲ್ಲಿ ಸಿಗುವುದು ಹೊಲ, ಸಂತೆ, ಕೂಲಿಯ ಲೆಕ್ಕ.

ಇದನ್ನು ನಿಮ್ಮ ಮನೆಗೆ ತನ್ನಿ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಒಂದನೇ ತಾರೀಖಿಗೆ ಕೊಡಬೇಕಾದ್ದನ್ನು ಎಂಟನೇ ತಾರೀಖಿಗೆ ಕೊಡುವುದು, ಅದೂ ಅವರು ಎರಡು ಸಲ ಬಾಯಿಬಿಟ್ಟು ಕೇಳಿದ ಮೇಲೆ, ಸಣ್ಣ ಮರೆವು ಎಂದು ತಳ್ಳಿಹಾಕಬೇಡಿ. ನಾನೂ ಒಮ್ಮೆ ಮನೆಯಲ್ಲಿ ಪ್ರಾರ್ಥನಾ ಕೂಟವಿದೆ ಎಂಬ ಗಡಿಬಿಡಿಯಲ್ಲಿ "ನಾಳೆ ಬಾರಮ್ಮ" ಎಂದು ಕಳಿಸಿದ್ದೆ. ಅವರ ಮಗುವಿಗೆ ಅವತ್ತು ಔಷಧಿ ತರಬೇಕಾಗಿತ್ತು ಎಂದು ಆಮೇಲೆ ತಿಳಿಯಿತು. ಆ ರಾತ್ರಿ ಹಾಡಿದ ಕೀರ್ತನೆಗಳೆಲ್ಲ ನನಗೆ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ. ಅಂಗಡಿ ಇಟ್ಟವರು ತೂಕ ನೋಡಿಕೊಳ್ಳಿ. ಮನೆ ಬಾಡಿಗೆಗೆ ಕೊಟ್ಟವರು, ಬಾಡಿಗೆಯವರು ಬಿಟ್ಟು ಹೋಗುವಾಗ ಮುಂಗಡ ಹಣ ಹಿಂದಿರುಗಿಸಲು ಸುಣ್ಣ ಬಣ್ಣದ ನೆಪ ಹುಡುಕಬೇಡಿ. ಒಡಿಶಾದಿಂದಲೋ ಬಿಹಾರದಿಂದಲೋ ಕಟ್ಟಡದ ಕೆಲಸಕ್ಕೆ ಬಂದ ಹುಡುಗರನ್ನು "ಏನೋ, ಬಾರೋ" ಎನ್ನಬೇಡಿ. ಅವರ ಹೆಸರು ಕೇಳಿ ಕರೆಯಿರಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರು ನಗುವ ಅವಕಾಶ ಕೊಡಬಾರದು.

ಇನ್ನೊಂದು ಸಂಗತಿ ಹೇಳುತ್ತೇನೆ. ಇದನ್ನು ಮಕ್ಕಳಿಗೂ ಹೇಳಿ. ಪೇತ್ರನು ತನ್ನ ಮೊದಲನೆಯ ಪತ್ರ ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯಗಳಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳಿಗೆ. ಇಂದಿನ ಟರ್ಕಿ ದೇಶದ ಸೀಮೆ ಅದು. ಸೀನಾಯಿಯಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕಿದ ಹೆಸರನ್ನೇ ಅಪೊಸ್ತಲನು ಇವರಿಗೂ ಕೊಟ್ಟ. ಊರಿಗೆ ಪರಕೀಯರಾಗಿದ್ದವರಿಗೆ, ಅವರಲ್ಲಿ ಯಜಮಾನನ ಏಟು ತಿನ್ನುತ್ತಿದ್ದ ದಾಸರೂ ಇದ್ದರು, ಮೀಸಲಾದ ಜನ ಎಂಬ ಪಟ್ಟ. ಅದರ ಬೆನ್ನಿಗೇ, ನಿಮ್ಮನ್ನು ದೂರುವವರೂ ನಿಮ್ಮ ಒಳ್ಳೆಯ ನಡತೆ ಕಂಡು ದೇವರನ್ನು ಕೊಂಡಾಡುವಂತೆ ಬಾಳಬೇಕು ಎಂಬ ಬುದ್ಧಿಮಾತೂ ಇದೆ.

ಅವರು ಹಾಗೆ ಬಾಳಿದರೇ? ಸುಮಾರು 112ನೆಯ ಇಸವಿಯಲ್ಲಿ ಆ ಬಿಥೂನ್ಯ ಪೊಂತಗಳಿಗೇ ಪ್ಲಿನಿ ಎಂಬ ರೋಮನ್ ಅಧಿಕಾರಿ ಬಂದ. ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡಿ, ಏನು ಮಾಡುವುದೆಂದು ತಿಳಿಯದೆ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ. ಆ ಕಾಗದ ಉಳಿದುಬಂದಿದೆ. ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಆಮೇಲೆ ಒಂದು ಆಣೆ ಮಾಡುತ್ತಾರೆ ಎಂದು ಅದರಲ್ಲಿ ತಿಳಿಸಿದ. ಆಣೆ ಯಾವುದಕ್ಕೆ? ಕದಿಯುವುದಿಲ್ಲ, ದರೋಡೆ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ, ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು. ನಿಜ ತಿಳಿಯಲೆಂದು ಆತ ಸಭೆಯ ಸೇವೆಯಲ್ಲಿದ್ದ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೂ ಗುರಿ ಮಾಡಿದ. ಅವರ ಹೆಸರು ಕೂಡ ಅವನು ಬರೆದಿಡಲಿಲ್ಲ. ಅಷ್ಟು ಮಾಡಿಯೂ ಅವನಿಗೆ ಸಿಕ್ಕಿದ್ದು ಒಂದು ಮೂಢನಂಬಿಕೆ ಮಾತ್ರವಂತೆ. ಅಪರಾಧ ಯಾವುದೂ ಸಿಗಲಿಲ್ಲ.

ಆ ಇಬ್ಬರು ಹೆಣ್ಣುಮಕ್ಕಳನ್ನು ನೆನೆದರೆ ನನ್ನ ಮನಸ್ಸು ತುಂಬಿ ಬರುತ್ತದೆ. ಇಂದು ಯಾರಾದರೂ ಅಧಿಕಾರಿ ಬಂದು ನಮ್ಮ ಸಭೆಯ ಲೆಕ್ಕ ಪುಸ್ತಕ, ನಮ್ಮ ಕೈಸಾಲದ ಚೀಟಿ, ನಮ್ಮ ಫೋನು ಎಲ್ಲ ತೆಗೆದು ನೋಡಿದರೆ ಏನು ಬರೆದುಕೊಂಡಾನು? ಸಭೆಯ ಆಸ್ತಿಗಾಗಿ, ಪಂಚಾಯತಿಯ ಕುರ್ಚಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಇದನ್ನು ತಣ್ಣಗೆ ಯೋಚಿಸಬೇಕು.

ವೇಷಭಾಷೆಯ ವಿಷಯ ಹೆಚ್ಚು ಹೇಳುವುದಿಲ್ಲ. ಮಗುವಿಗೆ ಇಂಗ್ಲಿಷ್ ಹೆಸರಿಟ್ಟರೆ ನಂಬಿಕೆ ಹೆಚ್ಚಲಿಲ್ಲ, ಹೂ ಮುಡಿದರೆ ಕಡಿಮೆಯಾಗಲಿಲ್ಲ. ಆದರೆ ಕನ್ನಡ ಆರಾಧನೆ ಬೇಡ ಎನ್ನುವ ಮಕ್ಕಳನ್ನು ಸುಮ್ಮನೆ ಬಿಡಬೇಡಿ. ಹರ್ಮನ್ ಮೋಗ್ಲಿಂಗ್ ಎಂಬ ಮಿಷನರಿ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಇನ್ನೊಬ್ಬ ಮಿಷನರಿ ಕಿಟೆಲ್ ಯೇಸುವಿನ ಕಥೆಯನ್ನು 1862ರ 'ಕಥಾಮಾಲೆ'ಯಲ್ಲಿ ಕನ್ನಡದ ಛಂದಸ್ಸಿನಲ್ಲಿ ಹಾಡಿದರು. 1894ರಲ್ಲಿ ಅಚ್ಚಾದ ಅವರ ನಿಘಂಟು ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಹೊರಗಿನಿಂದ ಬಂದವರೇ ಈ ನುಡಿಯನ್ನು ಅಷ್ಟು ಪ್ರೀತಿಸಿರುವಾಗ, ಇಲ್ಲಿ ಹುಟ್ಟಿದ ನಾವು ದೇವರಿಗೆ ಮೀಸಲು ಎಂದು ಹೇಳಿ ಊರಿನ ಮಾತಿಗೆ ಪರಕೀಯರಾಗುವುದು ತರವಲ್ಲ.

ಊರಿನವರಿಗೂ ಪರಕೀಯರಾಗಬೇಡಿ. ಪಕ್ಕದ ಮನೆಯವರು ಹಬ್ಬದ ದಿನ ತಟ್ಟೆ ತಂದಾಗ ಮುಖ ಸಿಂಡರಿಸಿ ಬಾಗಿಲು ಮುಚ್ಚುವವರನ್ನು ನಾನು ನೋಡಿದ್ದೇನೆ. ನಿಮ್ಮ ಮನಸ್ಸಾಕ್ಷಿ ಒಪ್ಪದ್ದನ್ನು ನೀವು ತಿನ್ನಬೇಕಾಗಿಲ್ಲ, ನೈವೇದ್ಯದ ವಿಷಯದಲ್ಲಿ ಪೌಲನೂ ಕೊರಿಂಥದವರಿಗೆ ಎಷ್ಟೋ ತಾಳ್ಮೆಯಿಂದ ಬರೆದಿದ್ದಾನೆ. ಆದರೆ ಬೇಡ ಎನ್ನುವುದಕ್ಕೂ ಒಂದು ರೀತಿ ಇದೆ. ಕೂರಿಸಿ, ನೀರು ಕೊಟ್ಟು, ಮನೆಯವರ ಯೋಗಕ್ಷೇಮ ವಿಚಾರಿಸಿ ಮೃದುವಾಗಿ ಹೇಳಿ. ಅವರ ಮನೆಯ ಮದುವೆಯಲ್ಲಿ ಎಲೆ ಹಾಕಲು, ಸಾವಿನಲ್ಲಿ ಹೆಗಲು ಕೊಡಲು ಮೊದಲು ನೀವೇ ಹೋಗಿ. ಕ್ರಿಸ್ಮಸ್ಸಿಗೆ ಕರ್ಜಿಕಾಯಿ, ಚಕ್ಕುಲಿ ಕಳಿಸುವಾಗ ಮುರಿದದ್ದನ್ನು ಅವರಿಗೆ, ಚೆನ್ನಾದದ್ದನ್ನು ನಮ್ಮವರಿಗೆ ಎಂದು ಆರಿಸಬೇಡಿ. ದಾನಿಯೇಲನನ್ನು ನೋಡಿ. ರಾಜನ ಊಟ ಬೇಡವೆಂದವನು ರಾಜನ ಕೆಲಸದಲ್ಲಿ ಒಂದು ತಪ್ಪೂ ಉಳಿಸಲಿಲ್ಲ. ಹಗೆಗಳು ಅವನ ಲೆಕ್ಕಪತ್ರ ಜಾಲಾಡಿದರೂ ಲಂಚದ ಸುಳಿವು ಸಿಗಲಿಲ್ಲ. ಊಟ ಬೇಡವೆಂದ ಅವನ ಮಾತಿಗೆ ತೂಕ ತಂದದ್ದು ಆ ನಡತೆಯೇ.

ಇನ್ನು ಹೇಳುವುದು ನಿಮಗೆ ಹಿಡಿಸದಿರಬಹುದು. ಆದರೂ ಕೇಳಿ. 1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದರು. ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಎಷ್ಟೋ ಮಂದಿ ಜಾತಿಯ ಜೊತೆ ಮನೆ, ಕಸುಬು, ಗೇಣಿ ಹೊಲ ಎಲ್ಲವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹುಟ್ಟಿದವು. ಮಂಗಳೂರು ಹೆಂಚು ನಾಡಿಗೆಲ್ಲ ನೆರಳಾದದ್ದು ಹಾಗೆ. ಬೇರೆ ಬೇರೆ ಮೂಲದವರು ಒಂದೇ ಮಣ್ಣು ತುಳಿದು, ಒಂದೇ ಪಾತ್ರೆಯಲ್ಲಿ ಪ್ರಭುಭೋಜನ ತೆಗೆದುಕೊಂಡರು. ಅವರ ಮೊಮ್ಮಕ್ಕಳು ಈಗ ಹೆಣ್ಣು ನೋಡಲು ಬಂದಾಗ ಚಹಾ ಕುಡಿದು, ದನಿ ತಗ್ಗಿಸಿ, "ನೀವು ಮೂಲದಲ್ಲಿ ಯಾರು?" ಎಂದು ಕೇಳುತ್ತಾರೆ! ಕೆಲವು ಊರುಗಳ ಸಮಾಧಿಭೂಮಿಯಲ್ಲೂ ಸತ್ತವರನ್ನು ಬೇರೆ ಬೇರೆ ಮೂಲೆಗೆ ಕಳಿಸುತ್ತಾರೆ. ಈ ಪ್ರಶ್ನೆ ನಿಮ್ಮ ನಾಲಿಗೆಯ ತುದಿಗೆ ಬಂದರೆ ನುಂಗಿಬಿಡಿ. ದೇವರು ನಮ್ಮನ್ನು ಬೇರೆ ಮಾಡಿದ್ದು ಇದಕ್ಕಲ್ಲ. ಹಿರಿಯರು ಅಷ್ಟು ಬೆಲೆ ಕೊಟ್ಟು ಹೊರಗೆ ಬಿಸಾಡಿದ ಮುಳ್ಳನ್ನು ಹೆಕ್ಕಿ ತಂದು ಮಕ್ಕಳ ಹಾಸಿಗೆಯಲ್ಲಿ ಇಡಬೇಡಿ. ಸಂಬಂಧ ಹುಡುಕುವಾಗ ಕುಡಿತ ಇದೆಯೇ, ಕೈಯಲ್ಲಿ ಕೆಲಸ ಇದೆಯೇ, ಹೆತ್ತವರೊಡನೆ ಮಾತು ಹೇಗಿದೆ, ಇದನ್ನು ವಿಚಾರಿಸಿ ಸಾಕು. ವರದಕ್ಷಿಣೆಯನ್ನು 'ಪ್ರೀತಿಯ ಕಾಣಿಕೆ' ಎಂದು ಕರೆಯುವುದನ್ನೂ ನಿಲ್ಲಿಸಿ.

ನಾಲಿಗೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. "ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ, ಅವರ ಮಗಳ ವಿಷಯ ಗೊತ್ತಾಯಿತೇ?" ಎಂದು ಶುರುವಾಗುವ ಮಾತು ಚಾಡಿಯೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹುಡುಗಿಗಾಗಿ ಪ್ರಾರ್ಥಿಸಬೇಕಿದ್ದರೆ ಬಾಗಿಲು ಮುಚ್ಚಿಕೊಂಡು ದೇವರಿಗೆ ಹೇಳಿ. ಆತನಿಗೆ ವಾಟ್ಸಾಪ್ ಗುಂಪು ಬೇಕಾಗಿಲ್ಲ. ಬೇರೆ ಧರ್ಮದವರನ್ನು, ಬೇರೆ ಸಭೆಯವರನ್ನು ಹಳಿಯುವ ವಿಡಿಯೊ ಬಂದರೆ ಅಲ್ಲೇ ಅಳಿಸಿಬಿಡಿ.

ಮನೆಯೊಳಗೂ ಒಮ್ಮೆ ನೋಡಿಕೊಳ್ಳಿ. ವಾರದಲ್ಲಿ ನಾಲ್ಕು ದಿನ ಕೂಟ, ಉಪವಾಸ ಪ್ರಾರ್ಥನೆ, ಸ್ತ್ರೀ ಸಮಾಜ ಎಂದು ಓಡಾಡಿ, ಮನೆಯಲ್ಲಿ ಅತ್ತೆಗೆ ಬಿಸಿ ಗಂಜಿ ಕೊಡಲು ಪುರುಸೊತ್ತಿಲ್ಲದಿದ್ದರೆ ಅದು ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತಾಯಿತು. ಗಂಡಸರಿಗೂ ಹೇಳುತ್ತಿದ್ದೇನೆ. ವೇದಿಕೆಯ ಮೇಲೆ ಪ್ರೀತಿಯ ಅಧ್ಯಾಯ ಓದಿ, ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ತಳ್ಳುವುದು ಸರಿಯೇ? ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಮನೆಮಂದಿಯೆಲ್ಲ ಟಿವಿ ಆರಿಸಿ ಕೂತು ಒಂದು ಭಾಗ ಓದಿ. ಮಕ್ಕಳ ಕೈಯಲ್ಲೇ ಓದಿಸಿ, ತಪ್ಪಿದರೆ ಗದರಬೇಡಿ. ಆಮೇಲೆ ಆ ದಿನ ಯಾರಿಗಾದರೂ ನೋವು ಮಾಡಿದ್ದೇವೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ದೊಡ್ಡವರೇ ಮೊದಲು ಕ್ಷಮೆ ಕೇಳಿ.

ನಾಳೆ ಒಂದು ಡಬ್ಬಿ ತೊಳೆದು ಒಣಗಿಸಿ ಅಕ್ಕಿಯ ಡ್ರಮ್ಮಿನ ಪಕ್ಕ ಇಡಿ. ಹಿಡಿ ಹಾಕುವಾಗ ಮಗುವಿನ ಕೈಯಿಂದ ಹಾಕಿಸಿ. ತುಂಬಿದ ವಾರವೇ ಕೊಟ್ಟುಬಿಡಿ, ಮಳೆಗಾಲದಲ್ಲಿ ಬೇಗ ನುಸಿ ಬೀಳುತ್ತದೆ. ಹಾಗೆಯೇ ತಿಂಗಳ ಕೊನೆಯ ರಾತ್ರಿ, ಮಲಗುವ ಮುಂಚೆ, ಮನೆಗೆಲಸಕ್ಕೆ ಬರುವವರ ಸಂಬಳ ಎಣಿಸಿ ಲಕೋಟೆಯಲ್ಲಿ ಹಾಕಿಡಿ. ಬೆಳಿಗ್ಗೆ ಅವರು ಬಂದ ಕೂಡಲೇ ಕೈಗೆ ಕೊಟ್ಟು, ಚಹಾಕ್ಕೆ ನೀರಿಡಿ.